ನಿಂತಲ್ಲೇ ತುಳಿದು ವಂಡ್ಸೆಗೆ ಹೋದವರು

ನೆಲಕ್ಕೆ ಬೋಲ್ಟು ಹಾಕಿ ಬಿಗಿದ ಸೈಕಲ್ಲನ್ನು ಓಡಿ ಬಂದು ಹತ್ತಲು ನೋಡಿದ ಮನುಷ್ಯ, ನಾನು ಕಂಡ ಮಟ್ಟಿಗೆ, ಅವರೊಬ್ಬರೇ. ಹೋದ ತಿಂಗಳು ಅವರು ತೀರಿಕೊಂಡರು. ಕೋಡಿಯ ಅವರ ಮನೆಗೆ ಹೋಗಿ ಬಂದ ಮರುದಿನ ನಾನು ಕೆಲಸ ಮಾಡುವ ಕಾಲೇಜಿನ ಲ್ಯಾಬಿನ ಬಾಗಿಲು ತೆಗೆದರೆ, ಆ ಸೈಕಲ್ ಯಂತ್ರದ ಹ್ಯಾಂಡಲ್ಲಿಗೆ ಅವರು ಕಟ್ಟಿ ಹೋದ ರಬ್ಬರ್ ಹಾರ್ನು ಹಾಗೆಯೇ ಇತ್ತು. ಒಮ್ಮೆ ಒತ್ತಿದೆ. ಪಕ್ಕದ ಕೋಣೆಯ ಗುಮಾಸ್ತರು ಬಾಗಿಲಿಗೆ ಬಂದು, "ಇವತ್ತ್ ಎಂತ ಮೀನ್?" ಎಂದು ಕೇಳಿಬಿಟ್ಟರು. ಕೇಳಿದ ಮೇಲೆ ಅವರಿಗೇ ನೆನಪಾಗಿ ನಾಲಿಗೆ ಕಚ್ಚಿಕೊಂಡರು. ನನಗೆ ಮೊದಲು ನಗು ಬಂತು, ಆಮೇಲೆ ಅಳು ಬಂತು.

ಅವರು ಮೀನು ಮಾರುವವರು. ಕೋಡಿಯಿಂದ ಹೊರಟು ಕುಂದಾಪುರ ದಾಟಿ, ತಲ್ಲೂರಿನ ಮೇಲೆ ವಂಡ್ಸೆಯವರೆಗೆ ಸೈಕಲ್ಲಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಬರುತ್ತಿದ್ದರು. ನಾನು ಹುಟ್ಟಿದ್ದು ವಂಡ್ಸೆಯಲ್ಲಿ. ನಮ್ಮನೆಯಲ್ಲಿ ಗಡಿಯಾರ ಇತ್ತು, ಆದರೆ ಅಮ್ಮ ಒಲೆಯ ಮೇಲೆ ಅಕ್ಕಿ ಇಡುತ್ತಿದ್ದದ್ದು ಇವರ ಹಾರ್ನು ಕೇಳಿಯೇ. ಪೋಂ ಎಂದು ಒಂದು ಸಲ ಕೇಳಿದರೆ ಬೈಗೆ, ಅಂದರೆ ಬೂತಾಯಿ ಮೀನು, ಮಾತ್ರ ಇದೆ ಎಂದು ಅರ್ಥ. ಎರಡು ಸಲ ಕೇಳಿದರೆ ಬಂಗುಡೆ. ಮೂರು ಸಲ ಕೇಳಿದ ದಿನ ನಾನು ಶಾಲೆಗೆ ಹೊಟ್ಟೆನೋವು ಎಂದು ಹೇಳಿ ಮನೆಯಲ್ಲೇ ಉಳಿದದ್ದುಂಟು, ಏಕೆಂದರೆ ಅದು ಚಟ್ಲಿ. ಬೇರೆ ಕಡೆ ಸಿಗಡಿ ಎನ್ನುತ್ತಾರೆ. ಹೆಸರು ಯಾವುದಾದರೇನು, ಅದರ ಮುಂದೆ ಶಾಲೆ ಸಣ್ಣದು.

ಅಮ್ಮನಿಗೂ ಅವರಿಗೂ ದಿನಾ ಜಗಳ. ಅಮ್ಮ ಕಿವಿರು ಎತ್ತಿ ನೋಡದೆ ಮೀನು ತೆಗೆದುಕೊಂಡವಳಲ್ಲ. ಅವರು ಪ್ರತಿ ಸಲವೂ, "ಅಮಾ, ಅದ್ರ ಜಾತಕವನ್ನೂ ತಕಂಡ್ ಬರ್ತೆ ನಾಳೆ" ಎನ್ನುತ್ತಿದ್ದರು. ಅಮ್ಮ ಪ್ರತಿ ಸಲವೂ ಮೊದಲ ಸಲ ಕೇಳಿದವಳ ಹಾಗೆ ಸಿಟ್ಟಾಗುತ್ತಿದ್ದಳು. ಇಬ್ಬರಿಗೂ ಅದರಲ್ಲಿ ಬೇಸರವಾದದ್ದನ್ನು ನಾನು ನೋಡಲಿಲ್ಲ.

ಮುಂದೆ ನಾನು ಓದಿ, ಬ್ರಹ್ಮಾವರದ ಕಡೆಯ ಒಂದು ಕಾಲೇಜಿನಲ್ಲಿ ಲ್ಯಾಬ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದೆ. ಅಲ್ಲಿಗೆ ಒಂದು ವರ್ಷ ಆ ಯಂತ್ರ ಬಂತು. ನಮ್ಮ ವಿಭಾಗದ ಮೇಡಂ ಒಬ್ಬರು ಹಟ ಹಿಡಿದು ಕಟ್ಟಿಸಿದ್ದು. ನಿಜವಾದ ಸೈಕಲ್ಲನ್ನೇ ನೆಲಕ್ಕೆ ಬಿಗಿದು, ಹಿಂದಿನ ಚಕ್ರದ ಕೆಳಗೆ ಉರುಳೆ ಇಟ್ಟು, ಎದುರಿಗೆ ಮೂರು ದೊಡ್ಡ ಟಿ.ವಿ. ನಿಲ್ಲಿಸಿದ್ದರು. ತುಳಿದ ಹಾಗೆ ಟಿ.ವಿ.ಯಲ್ಲಿ ರಸ್ತೆ ಮುಂದೆ ಬರುತ್ತದೆ, ಏರು ಬಂದರೆ ಪೆಡಲು ಬಿಗಿಯಾಗುತ್ತದೆ. ರಸ್ತೆಗೆ ಇಳಿಯದೆ ಸೈಕಲ್ ಸವಾರರನ್ನು ಪರೀಕ್ಷೆ ಮಾಡಲು ಇಂಥದ್ದು ಬೇಕಂತೆ. ಟಿ.ವಿ.ಯಲ್ಲಿದ್ದ ರಸ್ತೆ ತಲ್ಲೂರಿನಿಂದ ವಂಡ್ಸೆಗೆ ಹೋಗುವುದು. ಅದರ ಏರು, ಇಳಿತ, ತಿರುವುಗಳನ್ನು ಮೇಡಂ ಅಳೆದು ತಂದಿದ್ದರು. ಮನೆಗಳನ್ನು ಮಾತ್ರ ಕಂಪ್ಯೂಟರು ತನಗೆ ತೋಚಿದಲ್ಲಿ ಇಟ್ಟಿತ್ತು. ಒಂದೇ ನೀಲಿ ಮನೆ ಮತ್ತೆ ಮತ್ತೆ ಬರುತ್ತಿತ್ತು, ನಡುವೆ ತೆಂಗಿನ ಮರ.

ಮೇಡಂಗೆ ತಿಳಿಯಬೇಕಾದದ್ದು ಒಂದೇ: ಇದರ ಮೇಲೆ ತುಳಿಯುವವರು ನಿಜವಾದ ರಸ್ತೆಯಲ್ಲೂ ಹೀಗೇ ತುಳಿಯುತ್ತಾರೆಯೇ? ಅದಕ್ಕಾಗಿ ಪ್ರತಿಯೊಬ್ಬರೂ ಒಂದು ಸಲ ಯಂತ್ರದ ಮೇಲೆ, ಒಂದು ಸಲ ಅದೇ ರಸ್ತೆಯಲ್ಲಿ ಹೋಗಬೇಕು. ಎರಡು ಗೆರೆಗಳನ್ನು ಒಂದರ ಮೇಲೊಂದು ಇಟ್ಟು ನೋಡಬೇಕು. ನಮ್ಮ ವಿದ್ಯಾರ್ಥಿಗಳು ರಸ್ತೆಯಲ್ಲಿ ಮದುವೆ ಹೆಣ್ಣಿನ ಹಾಗೆ ತಲೆ ತಗ್ಗಿಸಿ ಹೋದರು. ಯಂತ್ರದ ಮೇಲೆ ಕೂರಿಸಿದರೆ ಎರಡೂ ಕೈ ಬಿಟ್ಟು ಬಸ್ಸಿಗೆ ಗುದ್ದಿದರು, ನೀಲಿ ಮನೆಯ ಒಳಗೆ ನುಗ್ಗಿ ಹಿತ್ತಲಲ್ಲಿ ಹೊರಬಿದ್ದರು. ಬೈಂದೂರಿನ ಒಬ್ಬಳು ರಸ್ತೆ ಬಿಟ್ಟು ಗದ್ದೆಯಲ್ಲಿ ತುಳಿಯುತ್ತ, ಚಿತ್ರವೇ ಮುಗಿದುಹೋಗಿ ಟಿ.ವಿ. ಬೆಳ್ಳಗಾಗುವ ತನಕ ಹೋದಳು. ಎರಡು ಗೆರೆಗಳಿಗೂ ಸಂಬಂಧವೇ ಇಲ್ಲ.

"ನಿಜವಾಗಿ ಸೈಕಲ್ ತುಳಿದು ಬದುಕಿದವರು ಯಾರಾದರೂ ಇದ್ದಾರಾ?" ಎಂದು ಮೇಡಂ ಕೇಳಿದರು. ನನಗೆ ಹಾರ್ನು ಕೇಳಿಸಿತು.

ಕೋಡಿಗೆ ಹೋದೆ. ಹೋದರೆ ಸೈಕಲ್ಲು ಜಗಲಿಯ ಕಂಬಕ್ಕೆ ಸರಪಳಿಯಲ್ಲಿ ಕಟ್ಟಿಹಾಕಿಸಿಕೊಂಡು ನಿಂತಿದೆ. ಅವರು ಅದರ ಪಕ್ಕದಲ್ಲೇ ಕೂತು ಚಕ್ರದ ಕಡ್ಡಿ ಒರೆಸುತ್ತಿದ್ದಾರೆ. ಎರಡು ತಿಂಗಳ ಹಿಂದೆ ಹೆದ್ದಾರಿಯಲ್ಲಿ ಲಾರಿಯ ಗಾಳಿಗೆ ವಾಲಿ ಚರಂಡಿಗೆ ಬಿದ್ದಿದ್ದರಂತೆ. ಮೊಣಕಾಲಿನಿಂದ ರಕ್ತ ಸೋರುತ್ತಿದ್ದರೂ ಎದ್ದು ಮೊದಲು ಚೆಲ್ಲಿದ ಮೀನಿಗೆ ಮುತ್ತಿದ ಕಾಗೆ ಓಡಿಸಿದರಂತೆ. ಸುದ್ದಿ ತಿಳಿದ ಮಗಳು ಅಂದೇ ಬೀಗ ಹಾಕಿ ಕೀಲಿಕೈ ತನ್ನ ಬಳಿ ಇಟ್ಟುಕೊಂಡಿದ್ದಳು. ಅವಳೂ ಮೀನಿನವಳೇ, ಕುಂದಾಪುರದ ಮಾರ್ಕೆಟ್ಟಿನಲ್ಲಿ ಕೂರುತ್ತಾಳೆ, ಸ್ಕೂಟರಿನಲ್ಲಿ ಓಡಾಡುತ್ತಾಳೆ. ಅಪ್ಪನ ಹಟವೆಲ್ಲ ಅವಳಿಗೇ ಬಂದಿದೆ.

"ನಂಗೆ ಊಟಕ್ಕ್ ಕಡ್ಮಿ ಇಲ್ಲ ಮಾಷ್ಟ್ರೆ. ಮಗಳ್ ಲಾಯ್ಕ್ ಕಾಂತಳ್" ಎಂದರು. ಆಮೇಲೆ ದನಿ ಸಣ್ಣದಾಯಿತು. "ಆರೆ ಅಷ್ಟ್ ಮನಿ ಇತ್ತಲೆ. ನಾನ್ ಹೋಯ್ದೆ ಇದ್ರೆ ಅವ್ರೆಲ್ಲ ಎಂತ ಅಂದ್ಕಂಬ್ರ್? ಸತ್ತ ಅಂದೇಳಿ ಗ್ರೇಶ್ತ್ರ್. ಬದ್ಕಿಪ್ಪತಿಗೇ ಸಾಯುಕೆ ನಂಗೆ ಮನಸ್ಸಿಲ್ಲ."

ನಾನು ಯಂತ್ರದ ವಿಷಯ ಹೇಳಿದೆ. ಅಷ್ಟರಲ್ಲಿ ಮಗಳು ಬಂದಳು. ಅವಳಿಗೂ ಹೇಳಿದೆ. ಅವಳು ಬುಟ್ಟಿ ಇಳಿಸಿ, ಸೊಂಟಕ್ಕೆ ಕೈ ಕೊಟ್ಟು ಯೋಚಿಸಿದಳು. "ನಾನ್ ಹೇಳ್ರೆ ಅಪ್ಪಯ್ಯ ಕೇಂತ್ರಿಲ್ಲ. ಯಂತ್ರವೇ ಹೇಳ್ಲಿ. ಇವ್ರ್ ಸಮ ಬಿಡ್ತ್ರ್ ಅಂದೇಳಿ ಅದ್ ಹೇಳ್ರೆ ಕೀ ಕೊಡ್ತೆ. ಇಲ್ದಿರೆ ಸೈಕಲ್ ಗುಜ್ರಿಗೆ."

"ಗುಜ್ರಿಗಾ?" ಎಂದರು ಅವರು. ಕಡ್ಡಿ ಒರೆಸುವುದು ನಿಂತಿತು.

ಹೀಗೆ, ಮೇಡಂಗೆ ಒಂದು ಗೆರೆ ಸಿಗಲಿ ಎಂದು ಹೋದವನು ಆ ಮುದುಕರ ಸೈಕಲ್ಲಿನ ಹಣೆಬರಹವನ್ನೇ ತಲೆಯ ಮೇಲೆ ಹೊತ್ತುಕೊಂಡು ಬಂದೆ.

ಪರೀಕ್ಷೆಯ ದಿನ ಬಿಳಿ ಅಂಗಿ ಹಾಕಿಕೊಂಡು, ಮಗಳ ಸ್ಕೂಟರಿನ ಹಿಂದೆ ಕೂತು, ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಬಂದರು. ಖಾಲಿ ಸೈಕಲ್ ಬಿಡಲು ತಮಗೆ ಬರುವುದಿಲ್ಲ ಎಂದರು. ಸರಿ, ಪೆಟ್ಟಿಗೆಯನ್ನು ಕ್ಯಾರಿಯರಿಗೆ ಕಟ್ಟಿ ಮರಳಿನ ಚೀಲ ತುಂಬಿದೆವು. ಹಾರ್ನು ಇಲ್ಲದೆ ಬಿಡಲೂ ಬರುವುದಿಲ್ಲ ಎಂದರು. ಅದನ್ನೂ ಕಟ್ಟಿದರು. ಆಮೇಲೆ ಹ್ಯಾಂಡಲ್ಲು ಹಿಡಿದು, ಎಡಗಾಲು ಪೆಡಲಿನ ಮೇಲಿಟ್ಟು, ಬಲಗಾಲಿನಿಂದ ನೆಲವನ್ನು ಮೂರು ಸಲ ಒದ್ದು ಮುಂದಕ್ಕೆ ಹಾರಿದರು. ನಲವತ್ತು ವರ್ಷ ಹೊರೆ ಕಟ್ಟಿದ ಸೈಕಲ್ಲನ್ನು ಹತ್ತಿದ್ದು ಹಾಗೆಯೇ. ಸೈಕಲ್ಲು ಇದ್ದಲ್ಲೇ ಇತ್ತು. ಅವರು ಮಾತ್ರ ಹೋಗಿ ನಡುವಿನ ಟಿ.ವಿ.ಯನ್ನು ತಬ್ಬಿಕೊಂಡರು.

"ಹ್ವಾಯ್ ಮಾಷ್ಟ್ರೆ! ಇದ್ ಹೋತಿಲ್ಲ ಅಲೆ!"

ಹೋಗುವುದಿಲ್ಲ, ಇದು ನಿಂತೇ ಇರುವುದು ಎಂದು ವಿವರಿಸಿದೆ. ನಿಂತ ಸೈಕಲ್ಲನ್ನು ಹತ್ತುವುದು ಹೇಗೆ ಎಂದು ಕೇಳಿದರು. ಪ್ರಾಮಾಣಿಕವಾದ ಪ್ರಶ್ನೆ. ಕಡೆಗೆ ಒಂದು ಸ್ಟೂಲು ತಂದೆವು. ಅವರು ಸ್ಟೂಲಿನ ಪಕ್ಕ ನಿಂತಲ್ಲೇ ಮೂರು ಹೆಜ್ಜೆ ಓಡಿ, ಅದನ್ನು ಏರಿ, ಸೀಟಿನ ಮೇಲೆ ಕುಳಿತರು. ಆ ಮೂರು ಹೆಜ್ಜೆಯನ್ನು ಅವರು ಕೊನೆಯ ತನಕ ಬಿಡಲಿಲ್ಲ.

ಎದುರಿಗೆ ಗಾಳಿ ಬೀಸಲು ಮೇಡಂ ಒಂದು ಫ್ಯಾನು ಇಟ್ಟಿದ್ದರು. ಎರಡು ಸುತ್ತು ತುಳಿದವರೇ ತಲೆ ಅಲ್ಲಾಡಿಸಿದರು. "ವಂಡ್ಸಿಗ್ ಹೋಪತಿಗೆ ಸಮುದ್ರದ ಗಾಳಿ ಬೆನ್ನಿಗೆ ಬರ್ಕ್. ದೂಡ್ಕ್ ಅದ್. ಬಪ್ಪತಿಗೆ ತಡೂದು." ದಿಕ್ಕು ನೋಡಿದರೆ ಹೌದು, ಅವರು ಹೇಳಿದ್ದೇ ಸರಿ. ಮೇಡಂ ನಾಚಿಕೊಂಡು ಫ್ಯಾನನ್ನು ಹಿಂದೆ ಇಟ್ಟರು. ಇಟ್ಟ ಕೂಡಲೇ ನಲವತ್ತು ವರ್ಷದ ಪೆಟ್ಟಿಗೆಯ ವಾಸನೆ ಲ್ಯಾಬು ತುಂಬಿ, ಮೆಟ್ಟಿಲು ಹತ್ತಿ, ಪ್ರಿನ್ಸಿಪಾಲರ ಕೋಣೆ ಸೇರಿತು. ಕ್ಯಾಂಟೀನಿನಲ್ಲಿ ಇವತ್ತು ಏನು ವಿಶೇಷ ಎಂದು ಕೇಳಿಕೊಂಡು ಬರಲು ಪ್ರಿನ್ಸಿಪಾಲರು ಜವಾನರನ್ನು ಕಳಿಸಿದರು.

ಗಾಳಿ, ರಸ್ತೆ, ಏರು ಎಷ್ಟೆಷ್ಟು ನಿಜ ಅನ್ನಿಸಿತು ಎಂದು ಒಂದರಿಂದ ಐದರೊಳಗೆ ಅಂಕ ಕೊಡಲು ಒಂದು ಫಾರಂ ಇತ್ತು. ಅವರಿಗೆ ಅಂಕದಲ್ಲಿ ನಂಬಿಕೆ ಇಲ್ಲ. ತಲ್ಲೂರಿನ ಏರು ಬಂದಾಗ ಮೊಣಕಾಲು ಹಿಡಿದುಕೊಂಡು, "ಇದ್ ಈಗ ದೋಣಿಂದ ಇಳ್ಸದ್ದ್" ಎಂದರು. ನೀಲಿ ಮನೆ ನೋಡಿ, "ಮೂರ್ ದಿನ ಐಸಗ್ ಇಟ್ಟದ್ದ್" ಎಂದರು. ಎದುರಿಗೆ ಬಂದ ಬಸ್ಸು ಹಾರ್ನು ಹಾಕದೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಾಗ ಮಾತ್ರ, "ಇದ್ ಮೀನೇ ಅಲ್ಲ" ಎಂದರು. ಮೇಡಂ ಅದನ್ನೆಲ್ಲ ಐದು, ಎರಡು, ಸೊನ್ನೆ ಎಂದು ಬರೆದುಕೊಂಡರು.

ತೊಂದರೆ ಶುರುವಾದದ್ದು ಆಮೇಲೆ. ಒಂದು ತಿರುವು ದಾಟಿದ ಕೂಡಲೇ ಅವರು ಬ್ರೇಕು ಹಿಡಿದು ನಿಂತರು. ಪೋಂ ಪೋಂ ಎಂದು ಹಾರ್ನು ಒತ್ತಿ ಎಡಗಡೆ ನೋಡುತ್ತ ಕೂತರು. ಟಿ.ವಿ.ಯಲ್ಲಿ ಎಡಗಡೆ ಇದ್ದದ್ದು ತೆಂಗಿನ ಮರ. ಯಾಕೆ ನಿಂತಿರಿ ಎಂದು ಕೇಳಿದೆ.

"ಇಲ್ಲ್ ಒಬ್ರ್ ಅಜ್ಜಿ ಇದ್ರ್. ಅವ್ರಿಗ್ ಕಾಲ್ ನೋವ್, ನಿಧಾನ ಬತ್ರ್. ಕಾಯ್ಕಲೆ."

ಕಾದರು. ಅಜ್ಜಿಗೆ ಬಂದು ಹೋಗಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು. ಹೀಗೆ ಎಂಟು ಕಡೆ ನಿಂತರು. ಕಣ್ಣಿಗೆ ಕಾಣುವ ನೀಲಿ ಮನೆಗಳನ್ನು ಬಿಟ್ಟು, ಮೊಣಕಾಲಿಗೆ ಗೊತ್ತಿದ್ದ ಮನೆಗಳ ಮುಂದೆ ನಿಂತರು. ಏಳನೆಯದು ನಮ್ಮ ಮನೆ. "ನಿಮ್ಮ ಅಬ್ಬಿ ಬತ್ರ್ ಈಗ. ಜಾತಕ ತಂದಿದ್ರ್ಯಾ ಕೇಂತ್ರ್ ಕಾಣಿ" ಎಂದು ಬರಿಯ ಗಾಳಿಯ ಜೊತೆ ನಕ್ಕರು. ಎಂಟು ಮನೆ ಮುಗಿದ ಮೇಲೆ ಒಂದು ಮೋರಿ ಬರುತ್ತದೆ. ಅಲ್ಲಿ ನಿಜವಾದ ರಸ್ತೆಯಲ್ಲೂ ಮನೆಯಿಲ್ಲ. ಅಲ್ಲಿಯೂ ನಿಂತರು. ತಿರುಗಿ ನೋಡದೆಯೇ ಬಲಗೈ ಹಿಂದೆ ಚಾಚಿ ಪೆಟ್ಟಿಗೆಯ ಮುಚ್ಚಳ ಎತ್ತಿ, ಇಲ್ಲದ ಮೀನನ್ನು ತೆಗೆದು ಎಸೆದು, ಮುಚ್ಚಳ ಹಾಕಿದರು. "ನಾಯಿಗೆ" ಎಂದರು. "ಹಾಕ್ದೆ ಹ್ವಾರೆ ವಂಡ್ಸಿ ಪೇಟಿ ತನ್ಕ ಅಟ್ಟಿಸ್ಕಂಡ್ ಬತ್ತ್. ನಿಮ್ಮ್ ಯಂತ್ರದಗೆ ಎಲ್ಲ ಇತ್ತ್ ಮಾಷ್ಟ್ರೆ, ಆರೆ ನಾಯಿ ಇಲ್ಲ. ನಾಯಿ ಇಲ್ದಿದ್ ರಸ್ತಿ ಎಂತ ರಸ್ತಿ?"

ಯಂತ್ರ ತನ್ನ ತೀರ್ಪನ್ನು ತಾನೇ ಮುದ್ರಿಸಿ ಕೊಡುತ್ತದೆ. ಅದರಲ್ಲಿ ಬಂದದ್ದು ಹೀಗೆ: ಅಕಾರಣ ನಿಲುಗಡೆ, ಒಂಬತ್ತು. ಸವಾರರ ಗಮನ ಪರಿಶೀಲಿಸುವುದು.

ಮಗಳು ಅದನ್ನು ಎರಡು ಸಲ ಓದಿದಳು. "ಕಾಣಿ, ಕಾರಣ ಇಲ್ದೆ ನಿಲ್ತ್ರ್ ಅಂದೇಳಿ ಯಂತ್ರವೇ ಹೇಳ್ತ್." ಗೆದ್ದವಳ ದನಿ ಅದರಲ್ಲಿರಲಿಲ್ಲ. ಅವರು ಹಾರ್ನು ಬಿಚ್ಚಿ, ಪೆಟ್ಟಿಗೆಯ ಮರಳಿನ ಮೇಲೆ ಇಟ್ಟು ಮುಚ್ಚಳ ಹಾಕಿದರು. ಆ ಯಂತ್ರವನ್ನು ಒದೆಯಬೇಕು ಅನ್ನಿಸಿತು ನನಗೆ. ಅದನ್ನು ದಿನಾ ಒರೆಸುವವನು ನಾನೇ ಆದ್ದರಿಂದ ಸುಮ್ಮನಾದೆ.

"ಇದು ಅರ್ಧ ಪರೀಕ್ಷೆ. ರಸ್ತೆಯದ್ದು ಬಾಕಿ ಇದೆ" ಎಂದೆ. ಮೇಡಂ ತಲೆಯಾಡಿಸಿದರು. ಮಗಳು ಒಂದೇ ದಿನದ ಮಟ್ಟಿಗೆ, ತಾನು ಹಿಂದೆಯೇ ಬರುವುದಾದರೆ, ಬೀಗ ತೆಗೆಯಲು ಒಪ್ಪಿದಳು.

ಆ ದಿನ ಬೆಳಿಗ್ಗೆ ತಲ್ಲೂರಿನಿಂದ ಹೊರಟೆವು. ಮುಂದೆ ಅವರು, ಹಿಂದೆ ಮಗಳ ಸ್ಕೂಟರಿನಲ್ಲಿ ನಾನು, ಅದರ ಹಿಂದೆ ಕಾರಿನಲ್ಲಿ ಮೇಡಂ. ಪರೀಕ್ಷೆಯ ನಿಯಮದಂತೆ ಪೆಟ್ಟಿಗೆಯಲ್ಲಿ ಅದೇ ಮರಳು. ಮೂರು ಹೆಜ್ಜೆ ಓಡಿ ಹಾರಿ ಕೂತರು. ಈ ಸಲ ಸೈಕಲ್ಲು ಅವರ ಜೊತೆಯಲ್ಲೇ ಹೋಯಿತು. ಅವರ ಬೆನ್ನು ನೋಡಿಯೇ ಖುಷಿ ಗೊತ್ತಾಗುತ್ತಿತ್ತು.

ಮೊದಲ ಮನೆಯ ಮುಂದೆ ಹಾರ್ನು ಕೇಳಿದ್ದೇ ತಡ, ಕಾಲುನೋವಿನ ಅಜ್ಜಿ ಪಾತ್ರೆ ಹಿಡಿದು, ನಾನು ಎಣಿಸಿದ್ದಕ್ಕಿಂತ ಬೇಗನೆ ಬಂದರು. "ಇಷ್ಟ್ ದಿನ ಎಲ್ಲ್ ಸತ್ತ್ ಹೋಯಿದ್ರಿ ಮರ್ರೆ?"

"ಸಾಯ್ಲಿಲ್ಲ ಅಂದೇಳಿ ಹೇಳುಕೇ ಬಂದದ್ದ್."

"ಎಂತ ಇತ್ತ್?"

"ಹೊಯ್ಗಿ" ಎಂದರು ಅವರು, ಮುಚ್ಚಳ ತೆಗೆದು ಮರಳು ತೋರಿಸಿ.

ಎಂಟು ಮನೆಯಲ್ಲೂ ಬೈಗುಳ ತಿಂದರು. ನಮ್ಮ ಅಮ್ಮ ಮರಳನ್ನೂ ಮುಟ್ಟಿ ನೋಡಿ, ಹಸಿಯಿಲ್ಲ ಎಂದಳು. ಹಿಂದೆ ಸ್ಕೂಟರಿನಲ್ಲಿದ್ದ ನನ್ನನ್ನು ಗಮನಿಸಲೇ ಇಲ್ಲ. ಎಂಟನೆಯ ಮನೆ ದಾಟಿ ಮೋರಿಯ ಹತ್ತಿರ ಬಂದಾಗ ಅವರ ವೇಗ ಇಳಿಯಿತು. ಎಡಗಿವಿ ಹರಿದ ಕಂದು ನಾಯಿಯೊಂದು ಎದ್ದು ನಿಂತು ಮೈ ಮುರಿಯಿತು. ಅವರು ಬ್ರೇಕು ಹಿಡಿದರು, ಕೈ ಹಿಂದೆ ಹೋಯಿತು, ಮುಚ್ಚಳ ಎದ್ದಿತು. ಒಳಗೆ ಮರಳು. ನಾಯಿ ಒಂದು ಹೆಜ್ಜೆ ಮುಂದೆ ಬಂದು ಗುರ್ ಎಂದಿತು. ಅವರು ನಮ್ಮ ಕಡೆ ತಿರುಗಿದಾಗ ಮುಖ ಬಿಳಿಚಿತ್ತು.

ಮಗಳು ಸ್ಕೂಟರ್ ನಿಲ್ಲಿಸಿದಳು. ಸೀಟು ಎತ್ತಿ, ಒಳಗಿಂದ ಬಾಳೆ ಎಲೆಯ ಕಟ್ಟೊಂದನ್ನು ತೆಗೆದಳು. ಅದರಲ್ಲಿ ಒಂದು ಬಂಗುಡೆ. ನಾಯಿಯ ಮುಂದೆ ಇಟ್ಟಳು.

"ನಿಂಗ್ ಹ್ಯಾಂಗ್ ಗೊತ್ತ್ ಮಗಾ?" ಎಂದರು ಅವರು.

"ಸಣ್ಣಿಪ್ಪತಿಗೆ ನಿಮ್ಮ್ ಸೈಕಲ್ ಬಾರ್ ಮೇಲ್ ಕೂತ್ಕಂಡ್ ಬತ್ತಿರ್ಲಿಲ್ಯಾ? ಆಗ ಇದ್ರ ಅಜ್ಜಿ ಇದ್ದಿತ್" ಎಂದಳು. ಆಮೇಲೆ ಮೂಗು ಒರೆಸಿಕೊಂಡು, ಗಾಳಿಯಲ್ಲಿ ಧೂಳು ಎಂದಳು. ಆ ದಿನ ಗಾಳಿ ಇರಲಿಲ್ಲ.

ಸಂಜೆ ಮೇಡಂ ಎರಡು ಗೆರೆಗಳನ್ನು ಒಂದರ ಮೇಲೊಂದು ಇಟ್ಟರು. ಒಂಬತ್ತು ನಿಲುಗಡೆಗೆ ಒಂಬತ್ತು ನಿಲುಗಡೆ, ಅದೇ ಜಾಗ. ಅಜ್ಜಿಯದ್ದೊಂದು ಸ್ವಲ್ಪ ಬೇಗ ಮುಗಿದಿತ್ತು, ಅಷ್ಟೇ ವ್ಯತ್ಯಾಸ. ಇಷ್ಟು ಜನರಲ್ಲಿ ಯಂತ್ರದ ಮೇಲೂ ರಸ್ತೆಯ ಮೇಲೂ ಒಂದೇ ಥರ ಹೋದವರು ಅವರೊಬ್ಬರೇ. ಮೇಡಂ ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟಿದರು. ತೀರ್ಪಿನ ಕಾಗದದಲ್ಲಿ 'ಅಕಾರಣ' ಎಂಬುದನ್ನು ಪೆನ್ನಿನಿಂದ ಹೊಡೆದುಹಾಕಿ 'ಸಕಾರಣ' ಎಂದು ಬರೆದು ಸಹಿ ಮಾಡಿದರು.

ಮಗಳು ಕೀಲಿಕೈ ಕೊಟ್ಟಳು. ಒಂದು ಷರತ್ತಿನ ಮೇಲೆ. ಹೆದ್ದಾರಿ ಬೇಡ, ತಲ್ಲೂರಿನವರೆಗೆ ಸೈಕಲ್ಲನ್ನೂ ಅಪ್ಪನನ್ನೂ ಟೆಂಪೋದಲ್ಲಿ ಬಿಡಿಸುತ್ತಾಳೆ. ಮತ್ತೆ ಪ್ರತಿ ವರ್ಷ ಮಳೆ ಮುಗಿದ ಮೇಲೆ ಯಂತ್ರದ ಮೇಲೆ ಕೂರಬೇಕು. "ನಾಯಿಗ್ ನಿಲ್ಸುಕ್ ಮರ್ತ್ರ್ಯಾ, ಅವತ್ತೇ ಕೀ ನಂದ್." ಅವರು ಕೀಲಿಕೈಯನ್ನು ಉಡಿದಾರಕ್ಕೆ ಗಂಟು ಹಾಕಿಕೊಂಡರು.

ಮೇಡಂ ಯಂತ್ರದ ಮೋರಿಗೆ ಒಂದು ನಾಯಿಯನ್ನು ಸೇರಿಸಿದರು. ಅದನ್ನು ನೋಡಿ ಅವರು, "ಇದ್ ಬೆಂಗ್ಳೂರ್ ನಾಯಿ, ಬಿಸ್ಕೀಟ್ ತಿಂಬುದ್" ಎಂದರು. ಮೇಡಂ ಅದರ ಕಿವಿ ಹರಿದರು, ಬಣ್ಣ ಕೊಳೆ ಮಾಡಿದರು, ಗುರ್ ಎನ್ನಿಸಿದರು. ಅಲ್ಲಿಂದ ಮುಂದೆ ಪರೀಕ್ಷೆಗೆ ಬರುವಾಗ ಅವರು ಪೆಟ್ಟಿಗೆಯಲ್ಲಿ ಎಲೆ ಸುತ್ತಿದ ಒಂದು ನಿಜವಾದ ಬಂಗುಡೆ ತರುತ್ತಿದ್ದರು. ಮೋರಿ ಬಂದಾಗ ನಿಲ್ಲಿಸಿ ಟಿ.ವಿ.ಯ ಮುಂದೆ ಎಸೆಯುತ್ತಿದ್ದರು. ಯಾವ ಸಂಶೋಧನಾ ವರದಿಯಲ್ಲೂ ಇಲ್ಲದ ಸಂಗತಿ ಏನೆಂದರೆ, ಆ ಮೀನು ಹೆಕ್ಕಿ ನೆಲ ಒರೆಸುವ ಕೆಲಸ ನನ್ನದು.

ಎರಡು ವರ್ಷ ಹೀಗೆ ಹೋಯಿತು. ಮೂರನೆಯ ವರ್ಷ ಒಬ್ಬರೇ ಬಸ್ಸಿನಲ್ಲಿ ಬಂದರು. ಮೇಡಂ ರಜೆಯಲ್ಲಿದ್ದರು. ಮೂರು ಹೆಜ್ಜೆ ಓಡಿದರು, ಸ್ಟೂಲು ಹತ್ತಿದರು. ಎಂಟೂ ಮನೆಗೆ ನಿಂತರು, ನಮ್ಮ ಅಮ್ಮನ ಜೊತೆ ಜಗಳವನ್ನೂ ಮಾಡಿದರು. ಮೋರಿ ಬಂತು. ನಾಯಿ ಎದ್ದಿತು. ಅವರು ಏನೋ ಗುನುಗುತ್ತ ಹಾಗೇ ಮುಂದೆ ತುಳಿದರು. ನಾಯಿ ಬೊಗಳಿಕೊಂಡು ಹಿಂದೆ ಉಳಿಯಿತು.

ಇಳಿದು ಬೆವರು ಒರೆಸಿಕೊಂಡರು. "ಎಲ್ಲ ಸಮ ಇತ್ತಾ ಮಾಷ್ಟ್ರೆ?"

"ಸಮ ಇತ್ತ್" ಎಂದೆ.

ಅವರು ಮನೆಗೆ ಹೊರಡಲು ಪೆಟ್ಟಿಗೆ ಬಿಚ್ಚಿದರು. ಎತ್ತಿದವರು ಹಾಗೇ ನಿಂತರು. ಮುಚ್ಚಳ ತೆಗೆದರು. ಎಲೆಯ ಕಟ್ಟು ಒಳಗೇ ಇತ್ತು. ಅದನ್ನು ನೋಡಿ ನನ್ನ ಕಡೆ ತಿರುಗಿದರು.

"ನಿಮ್ಗ್ ಸುಳ್ಳ್ ಹೇಳುಕ್ ಬತ್ತಿಲ್ಲ ಮಾಷ್ಟ್ರೆ. ಸಣ್ಣಿಪ್ಪತಿಗೂ ಬತ್ತಿರ್ಲಿಲ್ಲ. ಚಟ್ಲಿ ದಿನ ನಿಮ್ಗ್ ಹೊಟ್ಟಿ ನೋವ್ ಅಲ್ಲ ಅಂದೇಳಿ ನಂಗೂ ಗೊತ್ತಿತ್ತ್."

ಗೋಡೆಯ ಕಡೆ ತಿರುಗಿ ಉಡಿದಾರದ ಗಂಟು ಬಿಚ್ಚಿ, ಮಗಳಿಗೆ ಕೊಡಲೆಂದು ಕೀಲಿಕೈಯನ್ನು ಅಂಗಿಯ ಜೇಬಿಗೆ ಹಾಕಿಕೊಂಡರು. ಯಾರಿಗೂ ಹೇಳುವುದಿಲ್ಲ, ಇನ್ನೊಂದು ಸಲ ಕೂರಿ ಎಂದು ನಾನು ಬೇಡಿಕೊಂಡೆ. ಹಾರ್ನನ್ನು ಬಿಚ್ಚಿ ಕೊಡಲು ಹೋದರೆ, "ಅದ್ ಇಲ್ಲೇ ಇರ್ಲಿ" ಎಂದರು. "ಈಗ ಈ ಮೀನ್ ನಾಯಿಗ್ ಹಾಕಿ ಬಪ್ಪ. ಅದ್ರ ಪಾಲ್ ಅದ್. ಗಾಡಿ ತೆಗಿನಿ."

ಅವರನ್ನು ನನ್ನ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟೆ. ಸ್ಕೂಟರನ್ನೂ ಮೂರು ಹೆಜ್ಜೆ ಓಡಿಯೇ ಹತ್ತಿದರು. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಒಂದೇ ಯೋಚನೆ: ಮಗಳಿಗೆ ಹೇಗೆ ಹೇಳುವುದು, ನಾಳೆಯಿಂದ ಇವರು ಏನು ಮಾಡುತ್ತಾರೆ. ತಲ್ಲೂರು ದಾಟಿತು, ಮನೆಗಳು ಬಂದು ಹೋದವು. ಬೆನ್ನಿಗೆ ದಪ್ಪನೆ ಒಂದು ಗುದ್ದು ಬಿತ್ತು.

"ಹ್ವಾಯ್ ಮಾಷ್ಟ್ರೆ! ನಾಯಿ!"

ಕನ್ನಡಿಯಲ್ಲಿ ನೋಡಿದರೆ ಮೋರಿ ಎಷ್ಟೋ ಹಿಂದೆ ಉಳಿದಿತ್ತು. ಹರಿದ ಕಿವಿ ಹಾರಿಸಿಕೊಂಡು ನಾಯಿ ಬೆನ್ನಟ್ಟಿ ಬರುತ್ತಿತ್ತು. ಗಡಬಡಿಸಿ ಬ್ರೇಕು ಹಿಡಿದೆ. ಅವರು ಇಳಿದು, ಎಲೆ ಬಿಡಿಸಿ, ನಾಯಿಯ ಮುಂದೆ ಬಂಗುಡೆ ಇಟ್ಟು, ನನ್ನ ಎದುರಿಗೆ ಬಂದು ಕೈ ಚಾಚಿದರು. ಮುಖ ಗಂಭೀರವಾಗಿತ್ತು, ಕಣ್ಣು ನಗುತ್ತಿತ್ತು.

"ಕೀ ಕೊಡಿ."

ಸ್ಕೂಟರಿನ ಕೀಲಿಕೈ ತೆಗೆದು ಕೊಟ್ಟೆ. ನಾಯಿಗೆ ನಿಲ್ಲಿಸಲು ಮರೆತವರ ಕೀಲಿಕೈ ಮಗಳಿಗೆ, ಅದೇ ಷರತ್ತು. ಇಬ್ಬರೂ ಹಿಂದೆ ನಡೆದು ಹೋಗಿ ಮೋರಿಯ ಕಟ್ಟೆಯ ಮೇಲೆ ಕುಳಿತೆವು. ನಾಯಿ ಮೀನನ್ನು ಕಚ್ಚಿಕೊಂಡು ಬಂದು ನಮ್ಮ ಕಾಲ ಬಳಿಯೇ ತಿನ್ನತೊಡಗಿತು. ಅವರು ಜೇಬಿನಿಂದ ಫೋನು ತೆಗೆದು ಮಗಳಿಗೆ ಮಾಡಿದರು.

"ಹ್ವಾಯ್, ಮೋರಿ ಹತ್ರ ಬಾ ಮಗಾ. ಇಲ್ಲ್ ಎರಡ್ ಕೀ ಇತ್ತ್, ತಕಂಡ್ ಹೋಯ್ಕ್."